ಒಂದು ಸೋಲಿಗೇ ಮನೆಗೆ ಕಳಿಸಬೇಕೆ?

ಪ್ರಶ್ನೆ: ಪ್ರೌಢಶಾಲಾ ಕಬಡ್ಡಿ ಕೂಟದಲ್ಲಿ ಒಂದೇ ಪಂದ್ಯ ಸೋತ ಮಕ್ಕಳು ವಾಪಸ್ ಬರಬೇಕು. ಈ ಪದ್ಧತಿ ಬದಲಿಸಲಾಗದೆ?
– ಓದುಗರು, ಅಂತರಘಟ್ಟೆ

ಉತ್ತರ: ಖಂಡಿತ ಬದಲಿಸಬಹುದು, ಬದಲಿಸಲೇಬೇಕು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯಮಟ್ಟ ತಲುಪುವ ಈ ದಾರಿಯಲ್ಲಿ ನಾಕೌಟ್ ಕ್ರಮ ಸಮಯ ಉಳಿಸುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. 12 ತಂಡಗಳಿದ್ದರೆ ನಾಕೌಟ್‌ಗೆ 11 ಪಂದ್ಯ ಸಾಕು. ಕನಿಷ್ಠ 4 ತಂಡಗಳು ಒಂದೇ ಪಂದ್ಯಕ್ಕೆ ಆಟ ಮುಗಿಸುತ್ತವೆ. ಅದೇ 12 ತಂಡಗಳನ್ನು ಮೂರು ಮೂರರಂತೆ 4 ಗುಂಪು ಮಾಡಿದರೆ ಗುಂಪಿನ ಪಂದ್ಯ 12, ಸೆಮಿಫೈನಲ್ 2, ಫೈನಲ್ 1, ಒಟ್ಟು 15. ಹೆಚ್ಚುವುದು ನಾಲ್ಕೇ ಪಂದ್ಯ. ಪ್ರತಿ ತಂಡಕ್ಕೂ ಎರಡು ಪಂದ್ಯ ಖಾತ್ರಿ. ಚೀಟಿ ಎತ್ತುವಾಗ ಬಲಿಷ್ಠ ತಂಡಗಳೆರಡು ಮೊದಲೇ ಎದುರಾಗುವ ಅನ್ಯಾಯವೂ ತಗ್ಗುತ್ತದೆ.

ಒಂದೇ ದಿನದಲ್ಲಿ ಮುಗಿಸುವುದು ಹೇಗೆ, ಮಕ್ಕಳು ದಣಿಯುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಎರಡು ಅಂಕಣ ಹಾಕಿ, ಗುಂಪಿನ ಪಂದ್ಯಗಳ ಅವಧಿ ಕಡಿಮೆ ಮಾಡಿ, ನಡುವೆ ವಿಶ್ರಾಂತಿ ಕೊಟ್ಟರೆ ಅದಕ್ಕೆ ಪರಿಹಾರವಿದೆ. ಮೂರೂ ತಂಡಗಳು ಒಂದೊಂದು ಗೆದ್ದರೆ ಅಂಕಗಳ ಅಂತರ ನೋಡಿ ನಿರ್ಧರಿಸಬಹುದು. 1934ರಲ್ಲಿ ನಾಕೌಟ್ ಆಗಿ ಶುರುವಾದ ಕ್ರಿಕೆಟ್‌ನ ರಣಜಿ ಟ್ರೋಫಿಯೇ 1957–58ರಲ್ಲಿ ವಲಯವಾರು ಲೀಗ್‌ಗೆ ಹೊರಳಿತು. ದೊಡ್ಡವರಿಗೆ ಸಿಕ್ಕ ಎರಡನೆಯ ಅವಕಾಶ ಕಲಿಯುವ ವಯಸ್ಸಿನ ಹಳ್ಳಿ ಮಕ್ಕಳಿಗೆ ಇನ್ನೂ ಹೆಚ್ಚು ಅಗತ್ಯ. ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಪೋಷಕರು ಒಟ್ಟಾಗಿ ಕೇಳಿದರೆ ತಾಲ್ಲೂಕು ಮಟ್ಟದಿಂದಲೇ ಇದನ್ನು ಆರಂಭಿಸಬಹುದು.