ಯಾವುದರ ಚದರಡಿ? ಅಡುಗೆಮನೆ ಖರ್ಚಿನ ತಪ್ಪು ಲೆಕ್ಕಗಳು

ಮೈಸೂರಿನ ನಮ್ಮ ಮನೆ 1991ರಲ್ಲಿ ಕಟ್ಟಿದ್ದು. ಅದರ ಅಡುಗೆಮನೆ ಕಿತ್ತು ಹೊಸದಾಗಿ ಮಾಡಿಸೋಣವೆಂದು ಮೂರು ಕಡೆ ಕೊಟೇಶನ್ ಕೇಳಿದೆವು. ಒಬ್ಬರು 2 ಲಕ್ಷ 10 ಸಾವಿರ ಎಂದರು, ಇನ್ನೊಬ್ಬರು 2 ಲಕ್ಷ 95 ಸಾವಿರ, ಮೂರನೆಯವರದು 4 ಲಕ್ಷಕ್ಕೆ ತುಸು ಕಡಿಮೆ. ಅದೇ ಕೋಣೆ, ಅದೇ ಕಿಟಕಿ, ಅದೇ ಎಲ್ ಆಕಾರದ ಕಟ್ಟೆ. ಅತ್ತಿಗೆ ಮೂರೂ ಹಾಳೆ ತಿರುವಿ ಹಾಕಿ, "ಮೊದಲನೆಯವರೇ ಸರಿ ಕಣೆ, ಉಳಿದವರು ಟೋಪಿ ಹಾಕ್ತಿದಾರೆ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಮೊದಲನೆಯವರಿಗೇ ಕೆಲಸ ಕೊಟ್ಟೆವು. ಕೊನೆಗೆ ಕೈಯಿಂದ ಹೋದದ್ದು 3 ಲಕ್ಷ 70 ಸಾವಿರ. ಅವರು ಮೋಸ ಮಾಡಿದರು ಅನ್ನಲಾರೆ. ಹಾಳೆಯಲ್ಲಿ ಬರೆದದ್ದನ್ನೆಲ್ಲ ಮಾಡಿಕೊಟ್ಟರು. ಬರೆಯದೇ ಬಿಟ್ಟದ್ದನ್ನು ನಾವು ಕೇಳಿರಲಿಲ್ಲ, ಅಷ್ಟೆ.

ಆಮೇಲೆ ನೆಂಟರು, ಅಕ್ಕಪಕ್ಕದವರು ತಮ್ಮ ಕೊಟೇಶನ್ ಹಿಡಿದುಕೊಂಡು ಬರತೊಡಗಿದರು. ಎಲ್ಲರ ತಲೆಯಲ್ಲೂ ನಮಗಿದ್ದ ನಂಬಿಕೆಗಳೇ.

"ಅಡುಗೆಮನೆ 80 ಚದರಡಿ, ದರ 1,500. ಗುಣಿಸಿದರೆ ಆಯ್ತಲ್ಲ!"

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದು. 10 ಅಡಿಗೆ 8 ಅಡಿಯ ಕೋಣೆ 80 ಚದರಡಿ ನಿಜ, ಆದರೆ ಅದು ನೆಲದ ಅಳತೆ. ನೆಲದ ಟೈಲ್ಸ್ ಬಿಟ್ಟರೆ ಬೇರೆ ಯಾವುದಕ್ಕೂ ಆ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಕಪಾಟುಗಳನ್ನು ಸಾಮಾನ್ಯವಾಗಿ ಎದುರಿನಿಂದ ಕಾಣುವ ಮುಖದ ಲೆಕ್ಕದಲ್ಲಿ ಅಳೆಯುತ್ತಾರೆ, ಅಂದರೆ ಉದ್ದ ಗುಣಿಸು ಎತ್ತರ. ನಮ್ಮಂಥ ಎಲ್ ಆಕಾರದಲ್ಲಿ ಒಂದು ಗೋಡೆ 10 ಅಡಿ, ಇನ್ನೊಂದು 8 ಅಡಿ. ಮೂಲೆಯ 2 ಅಡಿಯನ್ನು ಒಂದೇ ಸಲ ಎಣಿಸಿದರೆ ಒಟ್ಟು ಉದ್ದ 16 ಅಡಿ. ಕಟ್ಟೆಯ ಕೆಳಗಿನ ಕಪಾಟಿನ ಎತ್ತರ ಎರಡೂವರೆ ಅಡಿ, ಅಲ್ಲಿಗೆ 40 ಚದರಡಿ. ಕಿಟಕಿ ಬಿಟ್ಟು ಮೇಲಿನ ಕಪಾಟು 12 ಅಡಿ ಉದ್ದ, 2 ಅಡಿ ಎತ್ತರ, ಅದು 24. ಅಟ್ಟದ ಬಾಗಿಲುಗಳು 16 ಅಡಿ ಉದ್ದ, 2 ಅಡಿ ಎತ್ತರ, ಅದು 32. ಕೂಡಿಸಿದರೆ 96 ಚದರಡಿ. 80 ಎಂದುಕೊಂಡು ಬ್ಯಾಂಕಿಗೆ ಹೋದವರಿಗೆ ಇಲ್ಲೇ 24,000 ರೂಪಾಯಿ ಕಡಿಮೆ ಬಿತ್ತು.

ಇಷ್ಟೇ ಆಗಿದ್ದರೆ ಸುಲಭವಿತ್ತು. ಕೆಲವರು ಮುಖ ಅಳೆಯುವುದಿಲ್ಲ, ಒಳಗೆ ಹಾಕುವ ಹಲಗೆಯನ್ನೆಲ್ಲ ಅಳೆಯುತ್ತಾರೆ. 2 ಅಡಿ ಅಗಲ, 2 ಅಡಿ ಆಳ, ಎರಡೂವರೆ ಅಡಿ ಎತ್ತರದ ಒಂದೇ ಒಂದು ಪೆಟ್ಟಿಗೆ ತೆಗೆದುಕೊಳ್ಳಿ. ಎದುರಿನಿಂದ ನೋಡಿದರೆ ಅದು 5 ಚದರಡಿ. ಬಿಡಿಸಿ ಅಳೆದರೆ ಎರಡು ಪಕ್ಕೆ ಸೇರಿ 10, ತಳ 4, ಬೆನ್ನು 5, ನಡುವಿನ ತಟ್ಟು 4, ಬಾಗಿಲು 5, ಒಟ್ಟು 28. ಹಾಗಾಗಿ "ನಾನು ಬರೀ 300 ರೂಪಾಯಿ ಚದರಡಿ ಅಮ್ಮಾ" ಎನ್ನುವವರ ಪೆಟ್ಟಿಗೆ 8,400 ರೂಪಾಯಿಗೆ ಬೀಳುತ್ತದೆ, 1,500 ಹೇಳಿದವರದು 7,500ಕ್ಕೆ. ಐದು ಪಟ್ಟು ಅಗ್ಗವಾಗಿ ಕಂಡದ್ದು ನಿಜದಲ್ಲಿ ತುಟ್ಟಿ. ಎರಡೂ ಅಳತೆ ಪ್ರಾಮಾಣಿಕವೇ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಮಾತ್ರ ತಪ್ಪು. ಮೂರನೆಯ ಪದ್ಧತಿ ರನ್ನಿಂಗ್ ಫೀಟ್, ಅಂದರೆ ಬರೀ ಉದ್ದದ ಲೆಕ್ಕ. ಅಲ್ಲಿ ನೋಡಬೇಕಾದದ್ದು ಮೂಲೆ. ನಮ್ಮ ಎರಡನೆಯ ಕೊಟೇಶನ್ನಿನಲ್ಲಿ 16ರ ಬದಲು 18 ಅಡಿ ಇತ್ತು, ಮೂಲೆಯನ್ನು ಎರಡು ಗೋಡೆಗೂ ಸೇರಿಸಿ ಎಣಿಸಿದ್ದರು.

ದರ ಕೇಳಿದ ಕೂಡಲೇ ಎಷ್ಟು ಎಂದು ಬೆರಳು ಮಡಚುವ ಬದಲು, ಯಾವುದರ ಚದರಡಿ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಎದುರಿನವರು ಪೆನ್ನು ತೆಗೆದು ಚಿತ್ರ ಬರೆಯತೊಡಗಿದರೆ ಒಳ್ಳೆಯ ಲಕ್ಷಣ.

"ಆ ದರದಲ್ಲಿ ಎಲ್ಲ ಸೇರಿರುತ್ತೆ"

ಆ ದರದಲ್ಲಿ ಸಾಮಾನ್ಯವಾಗಿ ಇರುವುದು ಪೆಟ್ಟಿಗೆ, ಒಂದು ತಟ್ಟು, ಬಾಗಿಲು, ಸಾದಾ ಹಿಂಜ್. ಡ್ರಾಯರ್ ಬೇಕೆಂದರೆ ಲೆಕ್ಕವೇ ಬೇರೆ. ಮೂರು ಡ್ರಾಯರಿನ ಘಟಕದ ಮುಖವೂ ಅದೇ 5 ಚದರಡಿ, ಆದರೆ ಒಳಗೆ ಮೂರು ಜೊತೆ ಚಾನೆಲ್. ಮೆತ್ತಗೆ ತಾನೇ ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸ್ ಬಗೆಯದಾದರೆ ಇನ್ನೂ ಹೆಚ್ಚು. ತಟ್ಟೆ ಬುಟ್ಟಿ, ಬಾಟಲಿ ಎಳೆಗೂಡು, ಮೂಲೆಯ ತಿರುಗು ತಟ್ಟೆ ಎಲ್ಲವೂ ಹಾಳೆಯ ಕೊನೆಯಲ್ಲಿ "ಆ್ಯಕ್ಸೆಸರೀಸ್ ಪ್ರತ್ಯೇಕ" ಎಂಬ ಎರಡೇ ಪದದಲ್ಲಿ ಅಡಗಿರುತ್ತವೆ. ನಮ್ಮ 2 ಲಕ್ಷ 10 ಸಾವಿರ ಹಿಗ್ಗಲು ಶುರುವಾದದ್ದು ಅಲ್ಲಿಂದ. ಶೋರೂಮಿನಲ್ಲಿ ಎಲ್ಲವೂ ಡ್ರಾಯರ್ ಆಗಿರುತ್ತದೆ. ನೋಡಿ ಮರುಳಾಗುವುದು ಅದಕ್ಕೆ, ಕೊಟೇಶನ್ ಬರುವುದು ಬಾಗಿಲಿಗೆ.

ಬುಟ್ಟಿಯ ವಿಷಯ ಬಂತಲ್ಲ, ಆಯಸ್ಕಾಂತದ ಪರೀಕ್ಷೆ ಬಗ್ಗೆಯೂ ಹೇಳಿಬಿಡುತ್ತೇನೆ. "ಮ್ಯಾಗ್ನೆಟ್ ಅಂಟಲ್ಲ ನೋಡಿ ಮೇಡಂ, ಅಸಲಿ 304 ಸ್ಟೀಲ್" ಎಂದು ಅಂಗಡಿಯವರು ತೋರಿಸಿದಾಗ ನಾನೂ ತಲೆಯಾಡಿಸಿದ್ದೆ. 304ಕ್ಕೆ ಆಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ ಎಂಬುದು ಸರಿ. ಆದರೆ ನಿಕಲ್ ಕಡಿಮೆ ಇರುವ, ಅಗ್ಗದ 202ಕ್ಕೂ ಅಂಟುವುದಿಲ್ಲ. ಉಪ್ಪು, ಹುಣಸೆ ನೀರು ಬಿದ್ದು ಎರಡು ವರ್ಷಕ್ಕೆ ಕಂದು ಚುಕ್ಕೆ ಎದ್ದ ಮೇಲೆ ವ್ಯತ್ಯಾಸ ತಿಳಿಯುತ್ತದೆ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳುವುದೇ ಸರಿಯಾದ ದಾರಿ.

"ಮೆರೈನ್ ಪ್ಲೈ ಹಾಕಿಸಿದರೆ ಚಿಂತೆಯಿಲ್ಲ"

ಮೆರೈನ್ ಪ್ಲೈವುಡ್ಡಿಗೆ ಭಾರತೀಯ ಮಾನಕ ಐಎಸ್ 710, ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಐಎಸ್ 303. ಎರಡನೆಯದರಲ್ಲೇ ತೇವ ತಡೆಯುವ ಬಿಡಬ್ಲ್ಯುಆರ್ ದರ್ಜೆಯೂ ಇದೆ. 710ರ ಹೆಚ್ಚುಗಾರಿಕೆ ಮುಖ್ಯವಾಗಿ ಅಂಟಿನದು: 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಚ್ಚಿಕೊಳ್ಳಬಾರದು. ಹಾಗೆಂದು ಕತ್ತರಿಸಿದ ಅಂಚಿಗೆ ಪಟ್ಟಿ ಅಂಟಿಸದೆ ಬಿಟ್ಟರೆ, ಸಿಂಕಿನ ಕೊಳವೆಗೆ ತೂತು ಕೊರೆದು ಒಳಮೈ ಹಾಗೇ ಬಿಟ್ಟರೆ, ಎಂಥ ಪ್ಲೈವುಡ್ಡೂ ನೀರು ಕುಡಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸಿಂಕಿನ ಕೆಳಗಿನ ಪೆಟ್ಟಿಗೆಗೆ 710, ಉಳಿದ ಕಡೆ ಬಿಡಬ್ಲ್ಯುಆರ್ ಸಾಕು. ಅಟ್ಟದ ಬಾಗಿಲಿಗೆ ಮೆರೈನ್ ಯಾಕೆ, ಅಲ್ಲಿಗೆ ಹಡಗು ಬರುತ್ತದೆಯೇ? ಪ್ಲೈ ಹಾಳೆಯ ಮೇಲೆ ಬರೀ "710" ಎಂದು ಒತ್ತಿದ್ದರೆ ನಂಬಬೇಡಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಲ್ಯಾಮಿನೇಟ್ ಅಂಟಿಸಿದ ಮೇಲೆ ಇದಾವುದೂ ಕಾಣುವುದಿಲ್ಲ. ಮಾಲು ಬಂದ ದಿನವೇ ನೋಡಿ, ಮೊಬೈಲಿನಲ್ಲಿ ಒಂದು ಫೋಟೊ ಹಿಡಿದಿಟ್ಟುಕೊಳ್ಳಿ.

"ಗ್ರಾನೈಟ್ ನಮ್ಮೂರ ಕಲ್ಲು, ಅದಕ್ಕೇನು ಮಹಾ"

ಚಾಮರಾಜನಗರದ ಕರಿಕಲ್ಲು ನಮಗೆ ಕೂಗಳತೆಯಲ್ಲಿದೆ, ಉತ್ತರದವರಿಗೆ ಇಳಕಲ್ಲಿನ ಕೆಂಪು ಕಲ್ಲಿದೆ. ಹತ್ತಿರದ ಕಲ್ಲಿಗೆ ಸಾಗಣೆ ಉಳಿಯುತ್ತದೆ, ಸರಿ. ಆದರೆ ಅಂಗಡಿಯಲ್ಲಿ ಹೇಳುವುದು ಬರೀ ಕಲ್ಲಿನ ದರ. ನಮ್ಮ ಕಟ್ಟೆ 32 ಚದರಡಿ. ಕಲ್ಲು ಬರುವುದು ದೊಡ್ಡ ಹಾಸಾಗಿ, ಕೊಳ್ಳಬೇಕಾದದ್ದು ಇಡೀ ಹಾಸು, ಕತ್ತರಿಸಿ ಮಿಕ್ಕ ತುಂಡಿಗೂ ದುಡ್ಡು. ಅದರ ಮೇಲೆ ಮುಂದಿನ ಅಂಚನ್ನು ಗುಂಡಗೆ ಮಾಡಿ ಹೊಳಪು ಕೊಡಲು ರನ್ನಿಂಗ್ ಫೀಟ್ ಲೆಕ್ಕ, ನಮಗೆ 14 ಅಡಿ ಬಂತು. ಸಿಂಕಿಗೆ ಒಂದು ತೂತು, ಹಾಬ್ ಒಲೆಗೆ ಇನ್ನೊಂದು, ಗೋಡೆ ಬದಿಗೆ 4 ಅಂಗುಲದ ಪಟ್ಟಿ, ಹಳೆಯ ಕಡಪ ಕಲ್ಲು ಕೀಳುವ ಕೂಲಿ. ಕಲ್ಲಿನ ಬೆಲೆ, ಕೂಡಿಸಿದ ಕಟ್ಟೆಯ ಬೆಲೆ ಎರಡೂ ಒಂದೇ ಎಂದುಕೊಂಡವರಿಗೆ ಇದೆಲ್ಲ ಆಮೇಲೆ ಒಂದೊಂದಾಗಿ ಬರುತ್ತದೆ. ಮಿಕ್ಕ ತುಂಡನ್ನು ಬಿಟ್ಟುಕೊಡಬೇಡಿ. ನಮ್ಮ ದೇವರಮನೆಯ ತಟ್ಟು ಅದರಿಂದಲೇ ಆಯಿತು.

"ಗೋಡೆಯೊಳಗಿನದಕ್ಕೆ ಏನು ಖರ್ಚು ಬರುತ್ತೆ?"

ಮೂವತ್ತು ವರ್ಷ ದಾಟಿದ ಮನೆಯಲ್ಲಿ ಬಜೆಟ್ ಮುರಿಯುವುದೇ ಇಲ್ಲಿ. ಟೈಲ್ಸ್ ಕಿತ್ತ ಮಾರನೆಯ ದಿನ ಪ್ಲಂಬರ್ ಒಂದು ಜಿಐ ಪೈಪಿನ ತುಂಡು ಕೈಯಲ್ಲಿ ಹಿಡಿದು ಬಂದ. "ನೋಡಿ ಅಮ್ಮಾ, ಒಳಗೆಲ್ಲ ತುಕ್ಕು ಕಟ್ಕೊಂಡು ಬೆರಳು ಹೋಗೋಷ್ಟೂ ಜಾಗ ಇಲ್ಲ. ಹೊಸ ಟೈಲ್ಸ್ ಮೇಲೆ ಆಮೇಲೆ ಒಡಿಬೇಕಾಗತ್ತೆ." ಅವನ ಮಾತು ನಿಜವೇ ಇತ್ತು. ಗೋಡೆ ತೆರೆದಿರುವಾಗ ಸಿಪಿವಿಸಿ ಪೈಪ್ ಹಾಕಿಸದೆ ಬಿಡುವುದು ಜಾಣತನವಲ್ಲ. ಆದರೆ ಮೂರೂ ಕೊಟೇಶನ್ನಿನಲ್ಲಿ ಅದರ ಸುದ್ದಿ ಇರಲಿಲ್ಲ, ಗೋಡೆ ಒಡೆಯುವ ಮೊದಲು ಅವರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

ವಿದ್ಯುತ್ತಿನದು ಹಾಗಲ್ಲ, ಅದನ್ನು ಮೊದಲೇ ಲೆಕ್ಕ ಹಾಕಬಹುದು. 1991ರಲ್ಲಿ ಅಡುಗೆಮನೆಗೆ ಬೇಕಿದ್ದದ್ದು ಒಂದು ಟ್ಯೂಬ್‌ಲೈಟು, ಮಿಕ್ಸಿಗೊಂದು ಪ್ಲಗ್ಗು. ಇವತ್ತು 2,000 ವ್ಯಾಟಿನ ಇಂಡಕ್ಷನ್ ಒಲೆ ಒಂದೇ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 6 ಆಂಪಿಯರಿನ ಸಾದಾ ಸಾಕೆಟ್ ಅದಕ್ಕಲ್ಲ. ಜೊತೆಗೆ 1,500ರ ಕೆಟಲ್, 750ರ ಮಿಕ್ಸಿ ಒಟ್ಟಿಗೆ ಓಡಿದರೆ 4,250 ವ್ಯಾಟ್, 18 ಆಂಪಿಯರಿಗೂ ಮೇಲೆ. ಹಳೆಯ ತೆಳು ವೈರಿಗೆ ಈ ಭಾರ ಹೊರಿಸುವಂತಿಲ್ಲ. 16 ಆಂಪಿಯರಿನ ಪಾಯಿಂಟುಗಳು, ಅವಕ್ಕೆ ದಪ್ಪ ವೈರು, ಬೇರೆಯೇ ಎಂಸಿಬಿ ಬೇಕು. ಎಲೆಕ್ಟ್ರಿಷಿಯನ್ ಪಾಯಿಂಟಿಗಿಷ್ಟು ಎಂದು ದರ ಹೇಳುತ್ತಾನೆ, ಆದ್ದರಿಂದ ಯಾವ ಯಂತ್ರ ಎಲ್ಲಿ ಕೂರುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆ ಎಣಿಸಿ. ಅತ್ತಿಗೆ ಮೂರು ಸಾಕೆಂದಿದ್ದರು. ಗುರುತು ಹಾಕಿದಾಗ ಒಂಬತ್ತಾಯಿತು.

ವಾಸ್ತುವಿಗಾಗಿ ಒಲೆಯನ್ನು ಆಗ್ನೇಯಕ್ಕೆ ಸರಿಸುವವರಿದ್ದಾರೆ, ಅದು ಅವರವರ ನಂಬಿಕೆ. ಒಲೆ ಸರಿಸುವುದು ಅಷ್ಟೇನೂ ದುಬಾರಿಯಲ್ಲ. ಅದರ ಹಿಂದೆ ಸಿಂಕೂ ಸರಿಯಬೇಕಾಗಿ ಬಂದರೆ ಕೊಳೆನೀರಿನ ಪೈಪಿಗೆ ಇಳಿಜಾರು ಹುಡುಕಬೇಕು, ನೆಲ ಅಗೆಯಬೇಕು. ಆ ಖರ್ಚು ಅಗ್ನಿಯದಲ್ಲ, ವರುಣನದು.

"ಬಿಲ್ ಬೇಡ ಅಂದರೆ 18 ಪರ್ಸೆಂಟ್ ಉಳಿತಾಯ"

ಇಂಥ ಕೆಲಸಕ್ಕೆ ಜಿಎಸ್‌ಟಿ 18%. ಬಿಲ್ ಇಲ್ಲದೆ ಮಾಡಿಸಿದರೆ ಅಷ್ಟೂ ಉಳಿಯುತ್ತದೆಂದು ಭಾವಿಸುತ್ತಾರೆ. ಪ್ಲೈ, ಹಿಂಜ್, ಟೈಲ್ಸ್ ಕೊಂಡಾಗಲೇ ಕಾಂಟ್ರಾಕ್ಟರ್ ತೆರಿಗೆ ಕಟ್ಟಿರುತ್ತಾನೆ, ಅದು ನಿಮ್ಮ ದರದೊಳಗೇ ಕೂತಿರುತ್ತದೆ. ಉಳಿಯುವುದು ತುಸು, ಕಳೆದುಕೊಳ್ಳುವುದು ವಾರಂಟಿಗೆ ಬೇಕಾದ ಕಾಗದ. ಇನ್ನೊಂದು ಮಗ್ಗುಲೂ ಇದೆ. ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ಕಾಂಟ್ರಾಕ್ಟರ್ ಜಿಎಸ್‌ಟಿ ಹೆಸರಿನಲ್ಲಿ ದುಡ್ಡು ಕೇಳುವಂತೆಯೇ ಇಲ್ಲ. ಕೇಳಿದರೆ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಬರೆಸಿಕೊಳ್ಳಿ. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಾಗ ಪಕ್ಕದ ಮನೆಯವರು, "ಇನ್ನು ಅಡುಗೆಮನೆ ಅಗ್ಗವಾಗಿ ಆಗುತ್ತೆ" ಎಂದು ಕಾದು ಕೂತಿದ್ದರು. ತೆರಿಗೆ ಬಿಟ್ಟು 300 ರೂಪಾಯಿಯ ಮೂಟೆಯೆಂದಿಟ್ಟುಕೊಂಡರೆ ಉಳಿಯುವುದು 30 ರೂಪಾಯಿ. ಅಡುಗೆಮನೆಗೆ ಹತ್ತು ಮೂಟೆ ಹಿಡಿಸಿದರೂ ಒಟ್ಟು 300. ಹೊಸ ಮನೆ ಕಟ್ಟುವವರಿಗೆ ಇದು ದೊಡ್ಡ ಸುದ್ದಿ. ಟೈಲ್ಸ್ ಅಂಟಿಸುವವರಿಗೆ ಒಂದು ಹೊತ್ತಿನ ಕಾಫಿ ತಿಂಡಿ.

"ಹದಿನೈದೇ ದಿನ"

ಕಾರ್ಖಾನೆಯಿಂದ ಬಂದ ಪೆಟ್ಟಿಗೆ ಜೋಡಿಸಲು ನಿಜವಾಗಿ ಕೆಲವೇ ದಿನ ಸಾಕು. ಹದಿನೈದು ದಿನ ಎಂಬ ಮಾತು ಆ ಜೋಡಣೆಯದು. ಒಡೆಯುವುದು, ಪೈಪು, ವೈರು, ಗಾರೆ ಒಣಗುವುದು, ಕಲ್ಲು ಕೂರಿಸಿದ ಮೇಲೆ ಅಳತೆ ತೆಗೆದು ಪೆಟ್ಟಿಗೆ ಮಾಡಿಸುವುದು ಅದರ ಹೊರಗಿನವು. ನಮಗೆ ಏಳು ವಾರ ಹಿಡಿಯಿತು. ಅಷ್ಟೂ ದಿನ ಹಜಾರದ ಮೂಲೆಯಲ್ಲಿ ಒಂದು ಇಂಡಕ್ಷನ್ ಒಲೆ, ವಾರಕ್ಕೆ ನಾಲ್ಕು ದಿನ ಹೋಟೆಲಿನ ಪಾರ್ಸೆಲ್. ಆ ಊಟದ ಖರ್ಚನ್ನು ಅಡುಗೆಮನೆಯ ಖರ್ಚಿಗೆ ಸೇರಿಸಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಇನ್ನೂ ಚರ್ಚೆಯಿದೆ. ನಾನು ಸೇರಿಸಿದ್ದೇನೆ.

ಅನಿರೀಕ್ಷಿತಕ್ಕೆಂದು ನೂರಕ್ಕೆ ಹತ್ತು ಎತ್ತಿಡುವುದು ವಾಡಿಕೆ. ಹೊಸ ಅಪಾರ್ಟ್‌ಮೆಂಟಿಗೆ ಅದು ಸಾಕಾದೀತು. ಹಳೆಯ ಮನೆಗಾದರೆ ಇಪ್ಪತ್ತು ಇಡಿ ಎನ್ನುತ್ತೇನೆ, ಅದೂ ಕಾಂಟ್ರಾಕ್ಟರಿಗೆ ಹೇಳದೆ.

ನಮ್ಮ ಅಡುಗೆಮನೆಯ ಮೂಲೆಯಲ್ಲಿ ನೆಲಕ್ಕೆ ಹೂತ ಒಂದು ರುಬ್ಬುವ ಕಲ್ಲಿತ್ತು. ಗ್ರೈಂಡರ್ ಬಂದ ಮೇಲೆ ಅದರ ಮೇಲೆ ಅಕ್ಕಿ ಡಬ್ಬ ಕೂತು, ಅದೊಂದು ಕಲ್ಲೆಂಬುದೇ ಮರೆತುಹೋಗಿತ್ತು. ಮೂರು ಕಾಂಟ್ರಾಕ್ಟರುಗಳೂ ಟೇಪು ಹಿಡಿದು ಅದರ ಪಕ್ಕದಲ್ಲೇ ನಿಂತು ಅಳೆದುಕೊಂಡು ಹೋಗಿದ್ದರು. ನೆಲ ಅಗೆದು, ಮುರಿಯದಂತೆ ಕಿತ್ತು, ನಾಲ್ವರು ಹೊತ್ತು ಹಿತ್ತಲಿನ ಕರಿಬೇವಿನ ಬುಡಕ್ಕೆ ಸಾಗಿಸಿದ್ದಕ್ಕೆ ಮೇಸ್ತ್ರಿ ತೆಗೆದುಕೊಂಡದ್ದು 1,800 ರೂಪಾಯಿ. ಗುಂಡುಕಲ್ಲಿಗೆ ಬೇರೆ 200.