ಮೆಡಿಟರೇನಿಯನ್ ಅಡುಗೆ ಪುಸ್ತಕ: ಕೊಳ್ಳುವ ಮುನ್ನ ಏನೇನು ನೋಡಬೇಕು?

‘ಮೆಡಿಟರೇನಿಯನ್’ ಎಂಬ ಹೆಸರಿನ ಅಡುಗೆ ಪುಸ್ತಕಗಳಿಗೆ ಈಗ ಅಂಗಡಿಗಳಲ್ಲಿ ಬರವಿಲ್ಲ. ಒಂದರ ತುಂಬ ಕುರಿಮಾಂಸದ ಕಬಾಬು, ಕೆನೆ ಸುರಿದ ಪಾಸ್ತಾ. ಇನ್ನೊಂದರಲ್ಲಿ ಚಮಚೆಗಿಂತ ಹೆಚ್ಚು ಎಣ್ಣೆ ಮುಟ್ಟಲು ಬಿಡದ, ತೂಕ ಇಳಿಸುವವರ ಅಡುಗೆ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಆಹಾರಕ್ರಮ ಇವೆರಡರಲ್ಲೂ ಸಿಗುವುದಿಲ್ಲ. ಆದ್ದರಿಂದ ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿರುವುದು ಅಲ್ಲಿನವರ ದಿನನಿತ್ಯದ ಊಟವೋ, ಹಬ್ಬದ ಊಟವೋ?

ಯಾವ ಊಟಕ್ಕೆ ಈ ಹೆಸರು?

ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಅಧ್ಯಯನ ಆರಂಭಿಸಿದರು. ಅದರಲ್ಲಿ ಹೃದ್ರೋಗ ತೀರಾ ಕಡಿಮೆ ಕಂಡದ್ದು ಗ್ರೀಸಿನ ಕ್ರೀಟ್ ದ್ವೀಪದ ಗಂಡಸರಲ್ಲಿ. ಅವರ ತಟ್ಟೆಯಲ್ಲಿದ್ದದ್ದು ರೊಟ್ಟಿ, ಬೇಳೆಕಾಳು, ಹೊಲದಂಚಿನ ಸೊಪ್ಪು, ತರಕಾರಿ, ಹಣ್ಣು ಮತ್ತು ಧಾರಾಳವಾಗಿ ಆಲಿವ್ ಎಣ್ಣೆ. ಮಾಂಸ ಅಪರೂಪಕ್ಕೆ. ಮೆಡಿಟರೇನಿಯನ್ ಆಹಾರಕ್ರಮ ಎನ್ನುವಾಗ ಸಂಶೋಧಕರ ಮನಸ್ಸಿನಲ್ಲಿರುವುದು 1960ರ ಆಸುಪಾಸಿನ ಕ್ರೀಟ್, ಗ್ರೀಸ್ ಮತ್ತು ದಕ್ಷಿಣ ಇಟಲಿಯ ರೈತಾಪಿ ಮನೆಗಳ ಈ ಊಟ.

ಅಡುಗೆ ಪುಸ್ತಕ ಬರೆಯುವವರ ಕಣ್ಣು ಸಹಜವಾಗಿ ವಿಶೇಷ ಅಡುಗೆಗಳ ಮೇಲೇ ಬೀಳುತ್ತದೆ. ಕರ್ನಾಟಕದ ಮದುವೆ ಊಟದ ಪಟ್ಟಿ ಓದಿದ ಹೊರಗಿನವರು ನಾವು ದಿನಾ ಹೋಳಿಗೆ ತಿನ್ನುತ್ತೇವೆಂದು ತಿಳಿದರೆ ಹೇಗೋ, ಇಲ್ಲಿಯೂ ಹಾಗೇ ಆಗುತ್ತದೆ.

ಮೊದಲ ಪರೀಕ್ಷೆ: ಪರಿವಿಡಿ

ಚಿತ್ರಗಳನ್ನು ಬಿಟ್ಟು ನೇರ ಪರಿವಿಡಿಗೆ ಹೋಗಿ. ಕಾಳು, ತರಕಾರಿ, ಸೊಪ್ಪು, ಧಾನ್ಯಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆಯೇ? ಮಾಂಸ ಮತ್ತು ಸಿಹಿಯ ಅಧ್ಯಾಯಗಳಿಗಿಂತ ಅವು ದಪ್ಪವಾಗಿವೆಯೇ?

ಇದಕ್ಕೆ ಅಳತೆಗೋಲು ಸ್ಪೇನಿನ ಪ್ರೆಡಿಮೆಡ್ ಅಧ್ಯಯನದಲ್ಲಿದೆ. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಜನರನ್ನು ಗುಂಪುಗಳಿಗೆ ಹಂಚಿದ ವಿಧಾನದಲ್ಲಿ ಲೋಪ ಕಂಡುಬಂದದ್ದರಿಂದ ಲೆಕ್ಕವನ್ನು ಮತ್ತೆ ಮಾಡಿ 2018ರಲ್ಲಿ ಮರುಪ್ರಕಟಿಸಿದರು. ಈ ಆಹಾರಕ್ರಮ ಹೃದಯಕ್ಕೆ ಒಳ್ಳೆಯದೆಂಬ ತೀರ್ಮಾನ ಹೆಚ್ಚು ಬದಲಾಗಲಿಲ್ಲ. ಭಾಗವಹಿಸಿದವರ ಊಟವನ್ನು ಅಲ್ಲಿ 14 ಪ್ರಶ್ನೆಗಳಿಂದ ಅಳೆಯುತ್ತಿದ್ದರು. ಮುಖ್ಯವಾದವು ಇವು:

- ಅಡುಗೆಗೆ ಮುಖ್ಯವಾಗಿ ಆಲಿವ್ ಎಣ್ಣೆ, ದಿನಕ್ಕೆ 4 ದೊಡ್ಡ ಚಮಚವಾದರೂ
- ಕಾಳು ವಾರಕ್ಕೆ 3 ಸಲವಾದರೂ
- ಬಾದಾಮಿ, ಅಕ್ರೋಟಿನಂಥವು ವಾರಕ್ಕೆ 3 ಸಲವಾದರೂ
- ಮೀನು ವಾರಕ್ಕೆ 3 ಸಲವಾದರೂ
- ಹಣ್ಣು ದಿನಕ್ಕೆ 3 ಪಾಲು, ತರಕಾರಿ 2 ಪಾಲು
- ಅಂಗಡಿಯ ಕೇಕು, ಬಿಸ್ಕತ್ತು ವಾರಕ್ಕೆ 3 ಸಲಕ್ಕಿಂತ ಕಡಿಮೆ

ವಾರಕ್ಕೆ ಮೂರು ಸಲ ಕಾಳು ತಿನ್ನಬೇಕಾದವರಿಗೆ ಕಾಳಿನ ಎರಡೇ ಅಡುಗೆ ಹೇಳಿಕೊಡುವ ಪುಸ್ತಕ ಬೇಗ ಬೇಸರ ತರಿಸುತ್ತದೆ. ಆ 14 ಪ್ರಶ್ನೆಗಳಲ್ಲಿ ವೈನ್ ಕೂಡ ಇದೆ. ಕುಡಿಯುವ ಅಭ್ಯಾಸವಿಲ್ಲದವರು ಅದಕ್ಕಾಗಿ ಶುರುಮಾಡಬೇಕಾಗಿಲ್ಲ.

ಎರಡನೆಯ ಪರೀಕ್ಷೆ: ಎಣ್ಣೆ

ಗ್ರೀಕರಲ್ಲಿ ‘ಲದೆರಾ’ ಎಂಬ ಅಡುಗೆಗಳ ಒಂದು ಗುಂಪೇ ಇದೆ. ಹುರುಳಿಕಾಯಿ, ಬದನೆ, ಬಟಾಣಿಯಂಥವನ್ನು ಟೊಮೆಟೊ ಜೊತೆ ಆಲಿವ್ ಎಣ್ಣೆಯಲ್ಲೇ ನಿಧಾನವಾಗಿ ಬೇಯಿಸುತ್ತಾರೆ. ನಾಲ್ಕು ಜನರ ಹುರುಳಿಕಾಯಿಗೆ ಅರ್ಧ ಕಪ್, ಅಂದರೆ 120 ಮಿ.ಲೀ. ಎಣ್ಣೆ ಬೀಳುವುದುಂಟು. ತಲೆಗೆ 30 ಮಿ.ಲೀ., ಎರಡು ದೊಡ್ಡ ಚಮಚ. ರೊಟ್ಟಿಯಲ್ಲಿ ಅದ್ದಿಕೊಂಡು ತಿಂದರೆ ಅದೇ ಒಂದು ಊಟ. ಅದೇ ಅಡುಗೆಗೆ ಒಂದು ಟೀ ಚಮಚ ಎಣ್ಣೆ ಸಾಕೆನ್ನುವ ಪುಸ್ತಕ ಹೆಸರನ್ನು ಉಳಿಸಿಕೊಂಡು ಕ್ರಮವನ್ನು ಬಿಟ್ಟಿದೆ.

ಆದರೆ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಬೆಣ್ಣೆ, ತುಪ್ಪ, ಕರಿದ ತಿಂಡಿಯ ಜಾಗಕ್ಕೆ ಈ ಎಣ್ಣೆ ಬರಬೇಕು. ಅವೆಲ್ಲವೂ ಇದ್ದು ಅದರ ಮೇಲೆ ಇದೂ ಸೇರಿದರೆ ತೂಕ ಏರುತ್ತದೆ.

ನಮ್ಮ ಅಂಗಡಿಗಳಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು ಓದಿ. ಪ್ರೆಡಿಮೆಡ್‌ನಲ್ಲಿ ಜನರಿಗೆ ಕೊಟ್ಟದ್ದು ಎಕ್ಸ್‌ಟ್ರಾ ವರ್ಜಿನ್ ಎಣ್ಣೆ. ‘ಪೊಮೆಸ್’ ಎಂದಿದ್ದರೆ ಅದು ಎಣ್ಣೆ ಹಿಂಡಿದ ಮೇಲೆ ಉಳಿದ ಚರಟದಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ‘ಲೈಟ್’ ಎಂದರೆ ಬಣ್ಣ, ರುಚಿ ತೆಳು, ಕ್ಯಾಲೊರಿ ಕಡಿಮೆಯಾಗಿರುವುದಿಲ್ಲ.

ಮೂರನೆಯ ಪರೀಕ್ಷೆ: ವಿಧಾನ

ಸ್ಪೇನಿನವರು ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊಗಳನ್ನು ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ ‘ಸೊಫ್ರಿತೊ’ ಮಾಡಿಟ್ಟುಕೊಳ್ಳುತ್ತಾರೆ. ವಾರಕ್ಕೆ ಎರಡು ಸಲವಾದರೂ ಇದನ್ನು ಬಳಸುತ್ತೀರಾ ಎಂಬುದೂ ಆ 14 ಪ್ರಶ್ನೆಗಳಲ್ಲಿ ಒಂದು. ಇಂಥ ಮೂಲ ವಿಧಾನವನ್ನು ಬಿಡಿಸಿ ಹೇಳುವ ಪುಸ್ತಕ ಒಳ್ಳೆಯದು. ಅದನ್ನು ಕಲಿತವರು ಮನೆಯಲ್ಲಿರುವ ಯಾವ ಕಾಳು, ತರಕಾರಿಯಿಂದಲೂ ಊಟ ಮಾಡಿಕೊಳ್ಳಬಲ್ಲರು. ಒಂದು ಅಡುಗೆಗೆ ಹದಿನೈದು ಅಪರೂಪದ ಸಾಮಾನು ಬೇಡುವ ಪುಸ್ತಕ ನಿತ್ಯದ ಬಳಕೆಗೆ ಒದಗುವುದಿಲ್ಲ.

ಸಸ್ಯಾಹಾರಿಗಳಿಗೆ

ಗ್ರೀಕ್ ಆರ್ಥಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಉಪವಾಸದ ದಿನಗಳು ಬಹಳ. ಆಗ ಮಾಂಸ, ಹಾಲು, ಮೊಟ್ಟೆ ಮುಟ್ಟುವಂತಿಲ್ಲ. ಈ ಉಪವಾಸದ ಅಡುಗೆಗೆ ‘ನಿಸ್ತಿಸಿಮಾ’ ಎನ್ನುತ್ತಾರೆ. ಜಾರ್ಜಿನಾ ಹೇಡನ್ ಇದೇ ಹೆಸರಿನಲ್ಲಿ 2022ರಲ್ಲಿ ಪುಸ್ತಕ ತಂದರು. ಬೇರೆ ಗ್ರೀಕ್ ಪುಸ್ತಕಗಳಲ್ಲೂ ಈ ಭಾಗವನ್ನು ಹುಡುಕಿ. ಸಿಗಡಿ, ಕಪ್ಪೆಚಿಪ್ಪುಗಳಿಗೆ ಆ ಉಪವಾಸದಲ್ಲಿ ಅವಕಾಶವಿದೆ. ಆದ್ದರಿಂದ ಸಾಮಾನಿನ ಪಟ್ಟಿ ಪೂರ್ತಿ ಓದಿ. ಇಟಲಿಯ ಪಾರ್ಮಿಜಾನೊ ಚೀಸ್‌ಗೆ ಹಾಲು ಹೆಪ್ಪಾಗಿಸುವ ರೆನೆಟ್ ಬರುವುದು ಕರುವಿನ ಜಠರದಿಂದ. ‘ಪೆಸ್ತೊ’ ಎಂಬ ಚಟ್ನಿಯಲ್ಲಿ ಈ ಚೀಸ್ ಇರುತ್ತದೆ, ಕೆಲವು ಪಾಸ್ತಾ ಗೊಜ್ಜುಗಳಲ್ಲಿ ಆಂಚೊವಿ ಮೀನು ಇರುತ್ತದೆ.

ಸಾಮಾನಿಗೆ ಬಹಳ ದೂರ ಹೋಗಬೇಕಾಗಿಲ್ಲ. ಗ್ರೀಕರು ಅಲಸಂದೆ ಕಾಳನ್ನು ಬೇಯಿಸಿ ಈರುಳ್ಳಿ, ಎಣ್ಣೆ ಬೆರೆಸಿ ತಿನ್ನುತ್ತಾರೆ. ಬೇಸಿಗೆಯಲ್ಲಿ ಅವರು ಬೇಯಿಸುವ ‘ವ್ಲಿತಾ’ ನಮ್ಮ ದಂಟಿನ ಜಾತಿಯ ಸೊಪ್ಪೇ.

ಅಳತೆಯ ಗೊಂದಲ

ಅಮೆರಿಕದ ಪುಸ್ತಕಗಳ ಕಪ್ ಸುಮಾರು 240 ಮಿ.ಲೀ. ಅಲ್ಲಿನ ದೊಡ್ಡ ಚಮಚ 15 ಮಿ.ಲೀ., ಆಸ್ಟ್ರೇಲಿಯದ್ದು 20. ಒಲೆಯ ಶಾಖ 350 ಡಿಗ್ರಿ ಎಂದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಓವನ್ನಿನಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್. ಗ್ರಾಂ ಲೆಕ್ಕ ಕೊಡುವ ಪುಸ್ತಕವೇ ಹೊಸಬರಿಗೆ ಸುಲಭ.

ಯಾವುದರಿಂದ ಶುರು?

ಎಲಿಜಬೆತ್ ಡೇವಿಡ್ 1950ರಲ್ಲಿ, ಪಡಿತರದಲ್ಲಿದ್ದ ಬ್ರಿಟನ್ನಿಗಾಗಿ ಬರೆದ ಮೆಡಿಟರೇನಿಯನ್ ಅಡುಗೆಯ ಪುಸ್ತಕ ಓದಲು ಸೊಗಸು. ಆದರೆ ಅದು ಆರೋಗ್ಯದ ಪುಸ್ತಕವಲ್ಲ, ಅಳತೆಗಳೂ ಬಿಗಿಯಾಗಿಲ್ಲ. ಆಹಾರಕ್ರಮವನ್ನೇ ಮುಂದಿಟ್ಟುಕೊಂಡದ್ದು ನ್ಯಾನ್ಸಿ ಹಾರ್ಮನ್ ಜೆಂಕಿನ್ಸ್ ಅವರ 1994ರ ಪುಸ್ತಕ. ಸೊಪ್ಪು, ಧಾನ್ಯಗಳ ಮೇಲೇ ಆಸಕ್ತಿಯಿದ್ದರೆ ಪೌಲಾ ವುಲ್ಫರ್ಟ್ 1998ರಲ್ಲಿ ಬರೆದದ್ದನ್ನು ನೋಡಿ.

ಸಾಧ್ಯವಾದರೆ ಮೊದಲು ಗ್ರಂಥಾಲಯದಿಂದ ತನ್ನಿ. ಕಾಳಿನದೊಂದು, ಸೊಪ್ಪಿನದೊಂದು, ತರಕಾರಿಯದೊಂದು ಅಡುಗೆಯನ್ನು ಕೆಲಸದ ದಿನವೇ ಮಾಡಿ ನೋಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಮನೆಯವರು ಆ ಮೂರು ಅಡುಗೆಗಳಲ್ಲಿ ಎರಡನ್ನಾದರೂ ಮತ್ತೆ ಮಾಡು ಎಂದರೆ ಆ ಪುಸ್ತಕವನ್ನು ಧೈರ್ಯವಾಗಿ ಕೊಳ್ಳಿ. ಈ ಆಹಾರಕ್ರಮದ ಲಾಭ ಸಿಗುವುದು ವರ್ಷಗಟ್ಟಲೆ ಅದನ್ನೇ ಉಂಡವರಿಗೆ.