ತಿಳಿಯುವ ಹಕ್ಕು

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು. ಆದರೆ ಕಡತದಲ್ಲಿ ಏನಿದೆಯೆಂಬುದನ್ನು ಅರಿಯದವನು ಹೆಸರಿಗೆ ಮಾತ್ರ ಪ್ರಭು.

2006-07ರ ಸುಮಾರಿನಲ್ಲಿ ಹೊಸಕೋಟೆ ತಾಲ್ಲೂಕಿನ ನಂದಗುಡಿಯ ಸುತ್ತ ಸಾವಿರಾರು ಎಕರೆಯಲ್ಲಿ ವಿಶೇಷ ಆರ್ಥಿಕ ವಲಯವನ್ನು ಸ್ಥಾಪಿಸುವ ಪ್ರಸ್ತಾವ ಬಂದಿತು; ರೈತರು ಅದನ್ನು ವಿರೋಧಿಸಿದರು. ಯಾವ ಸರ್ವೆ ನಂಬರಿನ ಜಮೀನು ಹೋಗುವುದು? ಪರಿಹಾರವೆಷ್ಟು? ಒಪ್ಪಂದದ ಷರತ್ತುಗಳೇನು? ಭೂಮಿಯನ್ನೇ ನಂಬಿದವರಿಗೆ ಇವು ಬದುಕಿನ ಪ್ರಶ್ನೆಗಳು. ಇವುಗಳಿಗೆ ಗಾಳಿಮಾತು ಉತ್ತರವಾಗಲಾರದು, ದಾಖಲೆಯೇ ಉತ್ತರವಾಗಬೇಕು.

ದಾಖಲೆಯನ್ನು ಕೇಳುವ ಹಕ್ಕಿಗಾಗಿ ಕರ್ನಾಟಕವು 2000ದಲ್ಲಿಯೇ ಅಧಿನಿಯಮವೊಂದನ್ನು ರಚಿಸಿತು. 2005ರ ಅಕ್ಟೋಬರ್ 12ರಂದು ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ ಪೂರ್ಣವಾಗಿ ಜಾರಿಗೆ ಬಂದಿತು. ಅದರಂತೆ ಸರ್ಕಾರಿ ಕಚೇರಿಗಳು ತಮ್ಮ ಕರ್ತವ್ಯ, ಅಧಿಕಾರ, ಆಯವ್ಯಯಗಳ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಉಳಿದ ಮಾಹಿತಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಿದರೆ ಸಾಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕಾರಣವನ್ನು ತಿಳಿಸಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ, ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಗಳೊಳಗೆ ಉತ್ತರ ದೊರೆಯಬೇಕು. ದೊರೆಯದಿದ್ದರೆ ಮೇಲಧಿಕಾರಿಗೂ ಅನಂತರ ಮಾಹಿತಿ ಆಯೋಗಕ್ಕೂ ಮೇಲ್ಮನವಿ ಸಲ್ಲಿಸಬಹುದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, 25,000 ರೂಪಾಯಿಗಳವರೆಗೆ ದಂಡ ವಿಧಿಸಲು ಆಯೋಗಕ್ಕೆ ಅಧಿಕಾರವುಂಟು.

ಖಾಸಗಿ ಕಂಪನಿಗಳಿಗೆ ಈ ಅಧಿನಿಯಮ ಸಾಮಾನ್ಯವಾಗಿ ನೇರವಾಗಿ ಅನ್ವಯಿಸದು. ಆದರೂ ಕಾನೂನಿನ ಪ್ರಕಾರ ಸರ್ಕಾರವು ಅವುಗಳಿಂದ ಪಡೆಯಬಹುದಾದ ಮಾಹಿತಿಯನ್ನು ಪ್ರಜೆಯೂ ಸರ್ಕಾರದ ಮೂಲಕ ಕೇಳಬಹುದು. ದೇಶದ ಭದ್ರತೆ, ವ್ಯಾಪಾರದ ಗುಟ್ಟು ಮುಂತಾದವುಗಳಿಗೆ ವಿನಾಯಿತಿಯಿದೆ.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಕೇಳುವವನಿದ್ದಾಗಲೇ ಅದಕ್ಕೆ ಜೀವ. ತೀರ್ಮಾನವಾದ ಮೇಲೆ ಮರುಗುವುದಕ್ಕಿಂತ, ತೀರ್ಮಾನಕ್ಕೆ ಮೊದಲೇ ಕೇಳಿ ತಿಳಿಯುವುದು ಲೇಸು.